ಮೊದಲು ಮುಗಿಯುವುದು ಯಾವುದು?

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಹಾಲೆ ಮರದ ತುಂಡು ಲೇತ್‌ನಲ್ಲಿ ಗಿರಗಿರ ತಿರುಗುತ್ತಿದೆ. ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಇವತ್ತು ಪುಟ್ಟ ಕಾರುಗಳನ್ನು ಜೋಡಿಸುವ ಕೆಲಸ. ಒಂದು ಕಾರಿಗೆ ಒಂದು ಒಡಲು, ನಾಲ್ಕು ಚಕ್ರ, ಎರಡು ಅಚ್ಚುಕಡ್ಡಿ ಬೇಕು. ಬುಟ್ಟಿಗಳಲ್ಲಿ 30 ಒಡಲು, 100 ಚಕ್ರ, 56 ಅಚ್ಚುಕಡ್ಡಿ ಇವೆ. ಎಷ್ಟು ಕಾರು ಸಿದ್ಧವಾಗುತ್ತವೆ?

ಒಡಲು ನೋಡಿದರೆ 30 ಕಾರು ಆಗಬೇಕು. ಅಚ್ಚುಕಡ್ಡಿ ನೋಡಿದರೆ 56ನ್ನು ಎರಡರಿಂದ ಭಾಗಿಸಿ 28. ಚಕ್ರ ನೋಡಿದರೆ 100ನ್ನು ನಾಲ್ಕರಿಂದ ಭಾಗಿಸಿ 25. ಆಗುವುದು 25 ಕಾರು ಮಾತ್ರ. ಐದು ಒಡಲು, ಆರು ಅಚ್ಚುಕಡ್ಡಿ ಸುಮ್ಮನೆ ಉಳಿಯುತ್ತವೆ. ಒಂದು ಸಂಗತಿ ಗಮನಿಸಿ. ಬುಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚಿಗೆ ಇದ್ದದ್ದು ಚಕ್ರ. ಮೊದಲು ಮುಗಿದದ್ದೂ ಚಕ್ರವೇ!

ಇದು ಮೂರನೇ ತರಗತಿಯ ಮಗುವಿಗೂ ಅರ್ಥವಾಗುವ ಲೆಕ್ಕ. ಇದೇ ಲೆಕ್ಕ ಪಿಯುಸಿ ಮೊದಲ ವರ್ಷದ ರಸಾಯನಶಾಸ್ತ್ರದ ಮೊದಲ ಪಾಠದಲ್ಲಿ ‘ಲಿಮಿಟಿಂಗ್ ರಿಯಾಕ್ಟೆಂಟ್’ ಎಂಬ ಹೆಸರು ಹೊತ್ತು ಬಂದಾಗ ಮಕ್ಕಳು ಬೆವರುತ್ತಾರೆ. ಅದರಲ್ಲೂ ಮಾಗಡಿ, ಕನಕಪುರದ ಹಳ್ಳಿಗಳಿಂದ ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ ಒಂದೇ ಸಲ ಎರಡು ಹೊರೆ: ಹೊಸ ಭಾಷೆ, ಹೊಸ ಲೆಕ್ಕ. ಮೊದಲ ತಿಂಗಳಲ್ಲೇ ‘ಸೈನ್ಸ್ ನನ್ನ ಕೈಲಾಗಲ್ಲ’ ಎಂದುಬಿಟ್ಟರೆ ಮುಂದಿನ ದಾರಿಯೇ ಬದಲಾಗಿಹೋಗುತ್ತದೆ. ನಾನು ಓದಿದ್ದು ಬಿ.ಕಾಂ., ಕೂತದ್ದು ಬ್ಯಾಂಕಿನ ಕೌಂಟರಿನಲ್ಲಿ. ಆದರೂ ನೆರೆಹೊರೆಯ ಮಕ್ಕಳು ಸಂಜೆ ಪುಸ್ತಕ ಹಿಡಿದು ಬಂದಾಗ ಈ ಪಾಠದಲ್ಲಿ ನನಗೆ ಕಂಡದ್ದು ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಲೆಕ್ಕಪತ್ರ. ಆ ಕಣ್ಣಿನಿಂದಲೇ ಇಲ್ಲಿ ವಿವರಿಸುತ್ತೇನೆ.

ಹೆಸರಿನ ಗಂಟು ಬಿಚ್ಚೋಣ

ರಾಸಾಯನಿಕ ಕ್ರಿಯೆಯಲ್ಲಿ ಭಾಗವಹಿಸುವ ವಸ್ತುಗಳು ‘ಪ್ರತಿವರ್ತಕಗಳು’, ಇಂಗ್ಲಿಷಿನಲ್ಲಿ ರಿಯಾಕ್ಟೆಂಟ್. ಕ್ರಿಯೆಯಿಂದ ಸಿಗುವುದು ‘ಉತ್ಪನ್ನ’. ಯಾವ ಪ್ರತಿವರ್ತಕ ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುತ್ತದೋ ಅದೇ ಲಿಮಿಟಿಂಗ್ ರಿಯಾಕ್ಟೆಂಟ್, ಅಂದರೆ ಮಿತಿ ಹಾಕುವ ಪ್ರತಿವರ್ತಕ. ನಮ್ಮ ಕಾರಿನ ಲೆಕ್ಕದಲ್ಲಿ ಚಕ್ರ. ಉಳಿದುಕೊಳ್ಳುವುದು ಹೆಚ್ಚುವರಿ ಪ್ರತಿವರ್ತಕ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹಿರಿಯರು ಹೇಳುತ್ತಿದ್ದರಲ್ಲ, ಆ ಹಾಸಿಗೆಯೇ ಮಿತಿ ಹಾಕುವ ಪ್ರತಿವರ್ತಕ.

ಇಂಥ ಲೆಕ್ಕಗಳಿಗೆಲ್ಲ ಒಟ್ಟಾಗಿ ‘ಸ್ಟಾಯ್ಕಿಯೋಮೆಟ್ರಿ’ ಎಂದು ಹೆಸರು. ಧಾತು ಮತ್ತು ಅಳತೆ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ 1792ರಲ್ಲಿ ಈ ಹೆಸರಿಟ್ಟವರು ಜರ್ಮನಿಯ ಜೆರೆಮಿಯಾಸ್ ರಿಕ್ಟರ್. ಅದಕ್ಕೂ ಸ್ವಲ್ಪ ಮೊದಲು, 1789ರಲ್ಲಿ, ಫ್ರಾನ್ಸಿನ ಆಂಟೋನಿ ಲೆವಾಸಿಯೆ ತಮ್ಮ ಪುಸ್ತಕದಲ್ಲಿ ಒಂದು ಮಾತನ್ನು ಖಚಿತಪಡಿಸಿದ್ದರು: ಕ್ರಿಯೆಗೆ ಮೊದಲು ಇದ್ದ ಒಟ್ಟು ತೂಕವೂ ಕ್ರಿಯೆಯ ನಂತರದ ಒಟ್ಟು ತೂಕವೂ ಒಂದೇ. ಈ ಲೆವಾಸಿಯೆ ತೆರಿಗೆ ವಸೂಲಿ ಮಾಡುವ ಸಂಸ್ಥೆಯ ಪಾಲುದಾರರೂ ಆಗಿದ್ದರು. ಜಮಾ–ಖರ್ಚು ಬಲ್ಲ ಮನುಷ್ಯ ರಸಾಯನಶಾಸ್ತ್ರಕ್ಕೂ ಲೆಡ್ಜರ್ ತಂದರು ಎಂದುಕೊಳ್ಳಲು ನನ್ನಂಥವನಿಗೆ ಸಂತೋಷ.

ಕಟ್ಟುಗಳ ಲೆಕ್ಕ

ಕಾರಿನ ಬಿಡಿಭಾಗವನ್ನು ಒಂದೊಂದಾಗಿ ಎಣಿಸಬಹುದು. ಅಣುಗಳನ್ನು ಎಣಿಸುವುದು ಹೇಗೆ? ಇಲ್ಲೇ ‘ಮೋಲ್’ ಬರುವುದು.

ಬ್ಯಾಂಕಿನಲ್ಲಿ ನೂರು ನೋಟಿಗೆ ಒಂದು ಕಟ್ಟು. ಹತ್ತು ರೂಪಾಯಿಯ ಕಟ್ಟಾದರೆ 1,000 ರೂಪಾಯಿ, ಐನೂರರ ಕಟ್ಟಾದರೆ 50,000 ರೂಪಾಯಿ. ಬೆಲೆ ಬೇರೆ, ಆದರೆ ಎರಡರಲ್ಲೂ ಇರುವ ಹಾಳೆ ನೂರೇ. ಮೋಲ್ ಕೂಡ ಹೀಗೆ ಒಂದು ಕಟ್ಟು. ಅದರಲ್ಲಿರುವ ಕಣಗಳ ಸಂಖ್ಯೆ ಮಾತ್ರ ನೂರಲ್ಲ, ಸುಮಾರು 602ರ ಮುಂದೆ 21 ಸೊನ್ನೆ! ಒಂದು ಕಟ್ಟು ಹೈಡ್ರೋಜನ್ ಅಣುಗಳ ತೂಕ 2 ಗ್ರಾಂ. ಒಂದು ಕಟ್ಟು ನೈಟ್ರೋಜನ್ 28 ಗ್ರಾಂ. ಆಕ್ಸಿಜನ್ 32, ನೀರು 18. ತೂಕ ಬೇರೆ ಬೇರೆ, ಕಣಗಳ ಸಂಖ್ಯೆ ಒಂದೇ.

ಆದ್ದರಿಂದ ಎಷ್ಟು ಗ್ರಾಂ ಇದೆ ಎಂದು ನೋಡಿ ಯಾವುದು ಕಡಿಮೆ ಎಂದು ಹೇಳಲಾಗದು. ಒಬ್ಬರ ಕೈಯಲ್ಲಿ 50 ಡಾಲರ್, ಇನ್ನೊಬ್ಬರ ಕೈಯಲ್ಲಿ 500 ಯೆನ್ ಇದ್ದರೆ ಅಂಕಿ ನೋಡಿ ಯಾರು ಸಿರಿವಂತರು ಎನ್ನುತ್ತೇವೆಯೇ? ಮೊದಲು ಎರಡನ್ನೂ ರೂಪಾಯಿಗೆ ಬದಲಿಸುತ್ತೇವೆ. ಇಲ್ಲಿ ಗ್ರಾಮನ್ನು ಮೋಲ್‌ಗೆ ಬದಲಿಸಬೇಕು, ಅಷ್ಟೆ.

ನಾಲ್ಕು ಹೆಜ್ಜೆ

ರಾಮನಗರದ ಸುತ್ತ ಹಿಪ್ಪುನೇರಳೆ ತೋಟಕ್ಕೆ ಯೂರಿಯಾ ಹಾಕುತ್ತಾರೆ. ಯೂರಿಯಾಕ್ಕೆ ಮೂಲ ಅಮೋನಿಯಾ. ಮಂಗಳೂರಿನ ಪಣಂಬೂರಿನ ಗೊಬ್ಬರ ಕಾರ್ಖಾನೆಯಲ್ಲೂ ಮೊದಲು ತಯಾರಾಗುವುದು ಅದೇ. ಗಾಳಿಯ ನೈಟ್ರೋಜನ್ನನ್ನು ಹೈಡ್ರೋಜನ್ ಜೊತೆ ಕೂಡಿಸಿ ಅಮೋನಿಯಾ ಮಾಡುತ್ತಾರೆ. ಲೆಕ್ಕ ಹೀಗಿರಲಿ: 28 ಗ್ರಾಂ ನೈಟ್ರೋಜನ್, 7 ಗ್ರಾಂ ಹೈಡ್ರೋಜನ್ ಇದೆ. ಎಷ್ಟು ಅಮೋನಿಯಾ ಸಿಗುತ್ತದೆ? ಕ್ರಿಯೆ ಪೂರ್ತಿ ನಡೆಯಿತು ಎಂದೇ ಇಟ್ಟುಕೊಳ್ಳೋಣ.

ಹೆಜ್ಜೆ 1: ಸರಿದೂಗಿಸಿದ ಸಮೀಕರಣ ಬರೆಯಿರಿ.
1 ನೈಟ್ರೋಜನ್ + 3 ಹೈಡ್ರೋಜನ್ → 2 ಅಮೋನಿಯಾ
ಇದೇ ನಮ್ಮ ‘ಒಂದು ಕಾರಿಗೆ ನಾಲ್ಕು ಚಕ್ರ’. ಇದು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಹೆಜ್ಜೆ 2: ಗ್ರಾಮನ್ನು ಮೋಲ್‌ಗೆ ಬದಲಿಸಿ.
ನೈಟ್ರೋಜನ್: 28 ÷ 28 = 1 ಮೋಲ್
ಹೈಡ್ರೋಜನ್: 7 ÷ 2 = 3.5 ಮೋಲ್

ಹೆಜ್ಜೆ 3: ಸಮೀಕರಣದಲ್ಲಿ ಆ ವಸ್ತುವಿನ ಹಿಂದಿರುವ ಅಂಕಿಯಿಂದ ಭಾಗಿಸಿ. ಚಿಕ್ಕದಾಗಿ ಬಂದದ್ದೇ ಮಿತಿ ಹಾಕುವ ಪ್ರತಿವರ್ತಕ.
ನೈಟ್ರೋಜನ್: 1 ÷ 1 = 1
ಹೈಡ್ರೋಜನ್: 3.5 ÷ 3 = 1.17
ಮೊದಲು ಮುಗಿಯುವುದು ನೈಟ್ರೋಜನ್.

ಹೆಜ್ಜೆ 4: ಮುಂದಿನ ಲೆಕ್ಕವನ್ನೆಲ್ಲ ಅದರಿಂದಲೇ ಮಾಡಿ. ಒಂದು ಮೋಲ್ ನೈಟ್ರೋಜನ್‌ಗೆ ಎರಡು ಮೋಲ್ ಅಮೋನಿಯಾ. ಅಮೋನಿಯಾದ ಒಂದು ಮೋಲ್ 17 ಗ್ರಾಂ. ಹಾಗಾಗಿ 34 ಗ್ರಾಂ.

ಇಲ್ಲಿ ಬಹಳ ಮಕ್ಕಳು ಕೇಳುವ ಪ್ರಶ್ನೆ ಒಂದೇ. ‘ತಾತ, 7 ಗ್ರಾಂ ಇರೋದು ಕಡಿಮೆ ಅಲ್ವಾ, ಅದೇ ತಾನೆ ಮೊದಲು ಮುಗಿಯಬೇಕು?’ ಅಲ್ಲ ಮಗು. ತೂಕದಲ್ಲಿ ನಾಲ್ಕು ಪಟ್ಟು ಇರುವ ನೈಟ್ರೋಜನ್ನೇ ಮೊದಲು ಮುಗಿಯಿತು. ನೂರು ಚಕ್ರ ಮೊದಲು ಮುಗಿಯಲಿಲ್ಲವೇ, ಹಾಗೆಯೇ.

ಇನ್ನೊಂದು ಗುಂಡಿ ಇದೆ. ಮೋಲ್‌ಗೆ ಬದಲಿಸಿದ ಕೂಡಲೇ ಉತ್ತರ ಬರೆದುಬಿಡುವುದು. ಹೈಡ್ರೋಜನ್ 7 ಗ್ರಾಂ ಬದಲು 5 ಗ್ರಾಂ ಇದೆ ಎನ್ನಿ. ಆಗ 2.5 ಮೋಲ್. ನೈಟ್ರೋಜನ್ 1 ಮೋಲ್ ಮಾತ್ರ ಇರುವುದರಿಂದ ಅದೇ ಕಡಿಮೆ ಎನಿಸುತ್ತದೆ. ಮೂರನೇ ಹೆಜ್ಜೆ ಇಟ್ಟು ನೋಡಿ: 2.5 ÷ 3 = 0.83. ಈಗ ಮೊದಲು ಮುಗಿಯುವುದು ಹೈಡ್ರೋಜನ್! ಮೂರನೇ ಹೆಜ್ಜೆಯನ್ನು ಹಾರಬಾರದು ಎನ್ನುವುದು ಇದಕ್ಕೇ.

ಲೆಡ್ಜರ್ ತಾಳೆಯಾಯಿತೇ?

ದಿನದ ಕೊನೆಗೆ ನಗದು ಮತ್ತು ಪುಸ್ತಕ ತಾಳೆಯಾಗದೆ ಬ್ಯಾಂಕಿನವರು ಮನೆಗೆ ಹೋಗುವಂತಿಲ್ಲ. ಇಲ್ಲೂ ಅದೇ ನಿಯಮ ಇಟ್ಟುಕೊಳ್ಳಿ. ಮೊದಲ ಲೆಕ್ಕದ ಖಾತೆ ಹೀಗಿದೆ:

ನೈಟ್ರೋಜನ್: ಆರಂಭ 28, ಖರ್ಚು 28, ಶಿಲ್ಕು 0
ಹೈಡ್ರೋಜನ್: ಆರಂಭ 7, ಖರ್ಚು 6, ಶಿಲ್ಕು 1
ಅಮೋನಿಯಾ: ಆರಂಭ 0, ಜಮಾ 34, ಶಿಲ್ಕು 34

ಆರಂಭದ ಒಟ್ಟು 35 ಗ್ರಾಂ. ಕೊನೆಯ ಒಟ್ಟು 1 + 34 = 35 ಗ್ರಾಂ. ತಾಳೆಯಾಯಿತು. ಪರೀಕ್ಷೆಯಲ್ಲಿ ಈ ಮೂರು ಸಾಲು ಪಕ್ಕದಲ್ಲಿ ಬರೆದುಕೊಳ್ಳಲು ಅರ್ಧ ನಿಮಿಷ ಸಾಕು. ತಾಳೆಯಾಗದಿದ್ದರೆ ಎಲ್ಲೋ ಎಡವಿದ್ದೀರಿ ಎಂದು ಉತ್ತರಪತ್ರಿಕೆ ಕೊಡುವ ಮೊದಲೇ ತಿಳಿಯುತ್ತದೆ.

ಅಡುಗೆಮನೆಯಲ್ಲಿ ನಾಲ್ಕು ಬಲೂನು

ಕಣ್ಣಾರೆ ನೋಡಬೇಕೇ? ಮನೆಯ ದೊಡ್ಡವರನ್ನು ಜೊತೆಗಿಟ್ಟುಕೊಂಡು ಇದನ್ನು ಮಾಡಿ. ಅರ್ಧ ಲೀಟರಿನ ನಾಲ್ಕು ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ 50 ಮಿಲಿಲೀಟರ್ ವಿನೆಗರ್ ಹಾಕಿ. ಒಂದೇ ಅಳತೆಯ ನಾಲ್ಕು ಬಲೂನುಗಳೊಳಗೆ ಕ್ರಮವಾಗಿ ಕಾಲು, ಅರ್ಧ, ಒಂದು, ಎರಡು ಟೀ ಚಮಚ ಅಡುಗೆ ಸೋಡಾ ತುಂಬಿ. ಚಮಚ ಗೋಪುರವಾಗದಂತೆ ಮಟ್ಟವಾಗಿರಲಿ. ಬಲೂನಿನ ಬಾಯನ್ನು ಬಾಟಲಿಯ ಬಾಯಿಗೆ ಬಿಗಿಯಾಗಿ ಸಿಕ್ಕಿಸಿ, ಬಲೂನನ್ನು ಎತ್ತಿ ಸೋಡಾವನ್ನು ನಿಧಾನವಾಗಿ ಒಳಕ್ಕೆ ಸುರಿಯಿರಿ. ನೊರೆಯೆದ್ದು ಕಾರ್ಬನ್ ಡೈ ಆಕ್ಸೈಡ್ ಅನಿಲ ಬಲೂನನ್ನು ಉಬ್ಬಿಸುತ್ತದೆ.

ಮೊದಲನೆಯದಕ್ಕಿಂತ ಎರಡನೆಯದು ದೊಡ್ಡದು. ಮೂರನೆಯದು ಇನ್ನು ಸ್ವಲ್ಪವೇ ದೊಡ್ಡದು. ನಾಲ್ಕನೆಯದು? ಸೋಡಾ ಎರಡು ಪಟ್ಟಾದರೂ ಬಲೂನು ಮೂರನೆಯದರಷ್ಟೇ!

ಕಾರಣ ಲೆಕ್ಕದಲ್ಲಿದೆ. ಅಂಗಡಿಯ ವಿನೆಗರ್‌ನಲ್ಲಿ ಸಾಮಾನ್ಯವಾಗಿ ಶೇ 4ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. 50 ಮಿಲಿಲೀಟರಿನಲ್ಲಿ 2 ಗ್ರಾಂ. ಒಂದು ಮೋಲ್ ಆಮ್ಲ 60 ಗ್ರಾಂ, ಒಂದು ಮೋಲ್ ಸೋಡಾ 84 ಗ್ರಾಂ. ಒಂದಕ್ಕೊಂದು ಎಂಬ ಲೆಕ್ಕದಲ್ಲಿ 2 ಗ್ರಾಂ ಆಮ್ಲಕ್ಕೆ 2.8 ಗ್ರಾಂ ಸೋಡಾ ಸಾಕು. ಒಂದು ಟೀ ಚಮಚ ಸೋಡಾ ಸುಮಾರು 5 ಗ್ರಾಂ ತೂಗುತ್ತದೆ. ಅಂದರೆ ಮೊದಲ ಎರಡು ಬಾಟಲಿಗಳಲ್ಲಿ ಸೋಡಾ ಮೊದಲು ಮುಗಿಯಿತು. ಕೊನೆಯ ಎರಡರಲ್ಲಿ ಆಮ್ಲ ಮುಗಿಯಿತು. ನಂಬಿಕೆ ಬಾರದಿದ್ದರೆ ಬಲೂನು ಕಳಚಿ, ಮೊದಲ ಬಾಟಲಿಗೆ ಚಿಟಿಕೆ ಸೋಡಾ ಹಾಕಿ. ಮತ್ತೆ ನೊರೆ ಬರುತ್ತದೆ. ಅಲ್ಲಿ ಆಮ್ಲ ಉಳಿದಿದೆ. ಕೊನೆಯ ಬಾಟಲಿಗೆ ಸ್ವಲ್ಪ ವಿನೆಗರ್ ಹಾಕಿ. ಅಲ್ಲೂ ನೊರೆ. ಅಲ್ಲಿ ಉಳಿದಿರುವುದು ಸೋಡಾ.

ಹುಳು ಮನೆಯ ಸುಣ್ಣ

ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೇಷ್ಮೆ ಗೂಡಿನ ಹಿಂದೆಯೂ ಈ ಲೆಕ್ಕವಿದೆ. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಲಿ ಎಂದು ರೈತರು ಅರಳಿದ ಸುಣ್ಣದ ಪುಡಿ ಉದುರಿಸುತ್ತಾರೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಬಿಸಿಯೇರಿ, ಅರಳಿ ಪುಡಿಯಾಗುತ್ತದೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಈ ಪ್ರಯೋಗ ಓದಿದ್ದೀರಿ.

ಸುಟ್ಟ ಸುಣ್ಣದ ಒಂದು ಮೋಲ್ 56 ಗ್ರಾಂ. ಅದಕ್ಕೆ ಒಂದು ಮೋಲ್ ನೀರು, ಅಂದರೆ 18 ಗ್ರಾಂ, ಸೇರಿದರೆ 74 ಗ್ರಾಂ ಅರಳಿದ ಸುಣ್ಣ. ಈಗ 14 ಕಿಲೋ ಸುಟ್ಟ ಸುಣ್ಣಕ್ಕೆ 3.6 ಲೀಟರ್ ನೀರು ಹಾಕಿದರು ಎನ್ನೋಣ. ನೀರು ಲೀಟರಿಗೆ ಒಂದು ಕಿಲೋ. ಗ್ರಾಂ ಬದಲು ಕಿಲೋ ಇದ್ದರೆ ಮೋಲ್ ಬದಲು ಕಿಲೋಮೋಲ್, ಹೆಜ್ಜೆಗಳು ಅವೇ. ಸುಣ್ಣ 14 ÷ 56 = 0.25. ನೀರು 3.6 ÷ 18 = 0.2. ನೀರು ಮೊದಲು ಮುಗಿಯುತ್ತದೆ. ಸಿಗುವುದು 0.2 × 74 = 14.8 ಕಿಲೋ ಅರಳಿದ ಸುಣ್ಣ. ಖರ್ಚಾದ ಸುಟ್ಟ ಸುಣ್ಣ 11.2 ಕಿಲೋ. 2.8 ಕಿಲೋ ಅರಳದೆ ಉಳಿಯಿತು. ತಾಳೆ ನೋಡಿ: 14 + 3.6 = 17.6, 14.8 + 2.8 = 17.6.

ಆ 2.8 ಕಿಲೋ ಪುಸ್ತಕದ ಶಿಲ್ಕು ಮಾತ್ರವಲ್ಲ. ಅರಳದ ಸುಣ್ಣ ಪುಡಿಯೊಳಗೆ ಅಡಗಿದ್ದು ಬೆವರಿದ ಕೈಗೋ ಕಣ್ಣಿನ ತೇವಕ್ಕೋ ತಾಗಿದರೆ ಅಲ್ಲೇ ಬಿಸಿಯೇರಿ ಸುಡುತ್ತದೆ. ಮೇಲಾಗಿ, ಕ್ರಿಯೆಯ ಬಿಸಿಗೆ ಒಂದಷ್ಟು ನೀರು ಹಬೆಯಾಗಿ ಹಾರಿಹೋಗುತ್ತದೆ. ಹಾಗಾಗಿ ಲೆಕ್ಕಕ್ಕಿಂತ ಹೆಚ್ಚು ನೀರು ಬೇಕೇ ಬೇಕು. ಇಲ್ಲಿ ಸುಣ್ಣವೇ ಮೊದಲು ಮುಗಿಯಬೇಕು, ನೀರು ಉಳಿಯಬೇಕು. ಸುಣ್ಣ ಅರಳಿಸುವಾಗ ಮಕ್ಕಳು ಹತ್ತಿರ ಸುಳಿಯಬಾರದು ಎಂಬುದನ್ನು ಪ್ರತ್ಯೇಕ ಹೇಳಬೇಕಾಗಿಲ್ಲ.

ಗಾಳಿ ಮೊದಲು ಮುಗಿದರೆ

ಈಗ ಹೇಳುವುದನ್ನು ಅಪ್ಪ, ಅಮ್ಮ, ಅಜ್ಜ, ಅಜ್ಜಿಯೂ ಓದಲಿ. ಮಾರ್ಗಶಿರ, ಪುಷ್ಯದ ಚಳಿಗೆ ಹುಳು ಸೊರಗಬಾರದೆಂದು ಹುಳು ಮನೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದುಂಟು. ಚಳಿ ತಡೆಯಲೆಂದು ಮಲಗುವ ಕೋಣೆಯಲ್ಲಿ ಇಡುವವರೂ ಇದ್ದಾರೆ.

ಇದ್ದಿಲು ಬಹುಪಾಲು ಕಾರ್ಬನ್. 12 ಗ್ರಾಂ ಕಾರ್ಬನ್ ಚೆನ್ನಾಗಿ ಉರಿಯಲು 32 ಗ್ರಾಂ ಆಕ್ಸಿಜನ್ ಬೇಕು. ಅಂದರೆ ಒಂದು ಕಿಲೋ ಕಾರ್ಬನ್‌ಗೆ ಸುಮಾರು 2.7 ಕಿಲೋ ಆಕ್ಸಿಜನ್. ಗಾಳಿಯ ತೂಕದಲ್ಲಿ ಆಕ್ಸಿಜನ್ ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ. ಹಾಗೆ ಲೆಕ್ಕ ಹಾಕಿದರೆ ಒಂದು ಕಿಲೋ ಕಾರ್ಬನ್‌ಗೆ ಸುಮಾರು 10 ಘನ ಮೀಟರ್ ಗಾಳಿಯಲ್ಲಿರುವ ಅಷ್ಟೂ ಆಕ್ಸಿಜನ್ ಬೇಕಾಗುತ್ತದೆ. ಉದ್ದ, ಅಗಲ, ಎತ್ತರ ಹತ್ತು ಹತ್ತು ಅಡಿ ಇರುವ ಕೋಣೆಯಲ್ಲಿ ಇರುವುದೇ ಸುಮಾರು 28 ಘನ ಮೀಟರ್ ಗಾಳಿ. ಕಿಟಕಿ, ಬಾಗಿಲು ಮುಚ್ಚಿದ್ದರೆ ಒಂದೇ ಕಿಲೋ ಇದ್ದಿಲು ಅದರ ಮೂರನೇ ಒಂದು ಪಾಲು ಆಕ್ಸಿಜನ್ ನುಂಗಲು ಹೊರಡುತ್ತದೆ.

ಆಕ್ಸಿಜನ್ ಪೂರ್ತಿ ಮುಗಿಯುವವರೆಗೂ ಅಪಾಯ ಕಾಯುವುದಿಲ್ಲ. ಸಾಕಷ್ಟು ಆಕ್ಸಿಜನ್ ಸಿಗದ ಕಾರ್ಬನ್, ಡೈ ಆಕ್ಸೈಡ್ ಬದಲು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಅಂಟಿಕೊಂಡರೆ ಸುಲಭವಾಗಿ ಬಿಡುವುದಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಕಳೆದುಕೊಂಡ ಸುದ್ದಿಗಳ ಹಿಂದೆ ಇರುವುದು ಈ ಅನಿಲ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿದಾಗಲೂ ನಡೆಯುವುದು ಇದೇ.

ಉರಿಯುವ ಕಡೆಯೆಲ್ಲ ಇಂಧನ ಮೊದಲು ಮುಗಿಯಬೇಕು, ಗಾಳಿ ಉಳಿಯಬೇಕು. ಇದು ರಸಾಯನಶಾಸ್ತ್ರ ಮನೆಗೆ ಕೊಡುವ ಕಟ್ಟಪ್ಪಣೆ. ಹುಳು ಮನೆಗೆ ಬೆಂಕಿ ಇಟ್ಟರೆ ಗಾಳಿ ಆಡುವ ದಾರಿ ತೆರೆದಿರಲಿ, ಅಲ್ಲಿ ಯಾರೂ ಮಲಗದಿರಲಿ. ಮಲಗುವ ಕೋಣೆಗೆ ಕೆಂಡ ಬೇಡವೇ ಬೇಡ. ಗೀಸರ್ ಬಚ್ಚಲಿನ ಹೊರಗಿರಲಿ. ಗ್ಯಾಸ್ ಒಲೆಯ ಉರಿ ನೀಲಿ ಬಿಟ್ಟು ಹಳದಿಯಾಗಿ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ ಎಂದು ಅರ್ಥ. ಅದನ್ನು ಶುಚಿ ಮಾಡಿಸಿ.

ನೀವೇ ಬಿಡಿಸಿ

1. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುತ್ತದೆ: 2 ಹೈಡ್ರೋಜನ್ + 1 ಆಕ್ಸಿಜನ್ → 2 ನೀರು. 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಇದ್ದರೆ ಎಷ್ಟು ನೀರು? ಏನು ಉಳಿಯುತ್ತದೆ?

2. 28 ಕಿಲೋ ಸುಟ್ಟ ಸುಣ್ಣಕ್ಕೆ 12 ಲೀಟರ್ ನೀರು ಹಾಕಿದರು. ನೀರು ಹಬೆಯಾಗಿ ಹೋಗಲಿಲ್ಲ ಎಂದುಕೊಂಡು ಲೆಕ್ಕ ಹಾಕಿ. ಎಷ್ಟು ಅರಳಿದ ಸುಣ್ಣ ಸಿಗುತ್ತದೆ?

3. 6 ಗ್ರಾಂ ಕಾರ್ಬನ್, 8 ಗ್ರಾಂ ಆಕ್ಸಿಜನ್ ಇದೆ. (ಅ) ಎಲ್ಲವೂ ಕಾರ್ಬನ್ ಡೈ ಆಕ್ಸೈಡ್ ಆದರೆ ಎಷ್ಟು ಸಿಗುತ್ತದೆ, ಏನು ಉಳಿಯುತ್ತದೆ? (ಆ) ಕಾರ್ಬನ್ ಮೊನಾಕ್ಸೈಡ್ ಆದರೆ? ಅದರ ಸಮೀಕರಣ: 2 ಕಾರ್ಬನ್ + 1 ಆಕ್ಸಿಜನ್ → 2 ಕಾರ್ಬನ್ ಮೊನಾಕ್ಸೈಡ್. ಒಂದು ಮೋಲ್ ಡೈ ಆಕ್ಸೈಡ್ 44 ಗ್ರಾಂ, ಮೊನಾಕ್ಸೈಡ್ 28 ಗ್ರಾಂ.

ಉತ್ತರಗಳು

1. ಆಕ್ಸಿಜನ್ ಮೊದಲು ಮುಗಿಯುತ್ತದೆ. 72 ಗ್ರಾಂ ನೀರು, 2 ಗ್ರಾಂ ಹೈಡ್ರೋಜನ್ ಉಳಿಕೆ. ತಾಳೆ: 74 = 74.

2. ಸುಣ್ಣ ಮೊದಲು ಮುಗಿಯುತ್ತದೆ. 37 ಕಿಲೋ ಅರಳಿದ ಸುಣ್ಣ, 3 ಲೀಟರ್ ನೀರು ಉಳಿಕೆ. ತಾಳೆ: 40 = 40.

3. (ಅ) ಆಕ್ಸಿಜನ್ ಮೊದಲು ಮುಗಿಯುತ್ತದೆ. 11 ಗ್ರಾಂ ಡೈ ಆಕ್ಸೈಡ್, 3 ಗ್ರಾಂ ಕಾರ್ಬನ್ ಉಳಿಕೆ. (ಆ) ಎರಡೂ ಒಟ್ಟಿಗೇ ಮುಗಿಯುತ್ತವೆ. 14 ಗ್ರಾಂ ಮೊನಾಕ್ಸೈಡ್, ಉಳಿಕೆ ಏನೂ ಇಲ್ಲ. ಲೆಕ್ಕ ಚೊಕ್ಕಟವಾಗಿ ತಾಳೆಯಾಗುತ್ತದೆ, ಕೋಣೆಯಲ್ಲಿ ಮಾತ್ರ ವಿಷ ತುಂಬಿರುತ್ತದೆ. ಈ ಮೂರನೆಯ ಲೆಕ್ಕವನ್ನು ಬಿಡಿಸಿದವರು ಅದನ್ನು ಮನೆಯಲ್ಲಿ ಒಬ್ಬರಿಗಾದರೂ ವಿವರಿಸಿ ಹೇಳಿ.